ಏಕತಾರಿಗೆ ಬೇಕಾದ ಕಿವಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಬೆಳೆದವರಿಗೆ ನಮ್ಮ ವಾದ್ಯಗಳಲ್ಲಿ ಎರಡು ಬಳಗಗಳಿವೆ ಎಂಬುದು ಬಾಲ್ಯದಲ್ಲಿಯೇ ತಿಳಿದಿರುತ್ತದೆ. ಮೊದಲನೆಯದು ಊರಿಗೆಲ್ಲ ಕೇಳಿಸುವ ಬಳಗ: ಜಾತ್ರೆಯ ಕರಡಿಮಜಲು, ಹೋಳಿಯ ಹಲಗೆ, ಡೊಳ್ಳು, ಮದುವೆಯ ಶಹನಾಯಿ. ಎರಡನೆಯದು ಪಡಸಾಲೆಗಷ್ಟೇ ಕೇಳಿಸುವ ಬಳಗ: ತತ್ವಪದ ಹಾಡುವವರ ಏಕತಾರಿ, ಲಾವಣಿಯವರ ತುಂತುಣಿ, ಎಲ್ಲಮ್ಮನ ಪದ ಹೇಳುವ ಜೋಗತಿಯರ ಚೌಡಿಕೆ. ಮೊದಲ ಬಳಗಕ್ಕೆ ಧ್ವನಿವರ್ಧಕ ಬಂದರೂ ಬರದಿದ್ದರೂ ಒಂದೇ. ಎರಡನೆಯ ಬಳಗಕ್ಕೆ ಮಾತ್ರ ಅದು ಬಂದದ್ದರಿಂದ ದೊಡ್ಡ ಪಲ್ಲಟವೇ ಆಯಿತು. ಆ ಪಲ್ಲಟದ ಇತಿಹಾಸವನ್ನೂ, ಅದನ್ನು ಸ್ವಲ್ಪಮಟ್ಟಿಗೆ ಸರಿಪಡಿಸಬಲ್ಲ ಒಂದು ಚಿಕ್ಕ ವಿದ್ಯುನ್ಮಂಡಲವನ್ನೂ ಕುರಿತು ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತಿದ್ದವರಿಗೆ ಇದರಲ್ಲಿ ಕೆಲವು ಹಳೆಯ ಪಾಠಗಳು ಮತ್ತೆ ಸಿಕ್ಕಾವು.

ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಏಕತಾರಿಯ ದನಿ ಸಣ್ಣದೆಂದು ಯಾರೂ ಹೇಳುತ್ತಿರಲಿಲ್ಲ. ಮಠದ ಅಂಗಳದಲ್ಲಿಯೋ ಹನುಮಪ್ಪನ ಗುಡಿಯ ಕಟ್ಟೆಯಲ್ಲಿಯೋ ಇಪ್ಪತ್ತು ಮೂವತ್ತು ಜನ ಸುತ್ತ ಕೂಡುತ್ತಿದ್ದರು. ಹಾಡುವವನ ಕಂಠಕ್ಕೂ ತಂತಿಯ ನಾದಕ್ಕೂ ಒಂದು ಹೊಂದಾಣಿಕೆ ಇರುತ್ತಿತ್ತು. ಜಾತ್ರೆಗಳಿಗೆ ಕಹಳೆಯಾಕಾರದ ಧ್ವನಿವರ್ಧಕಗಳು ಬಂದಾಗ ಕಂಠದ ಮುಂದೆ ಮೈಕು ನಿಂತಿತು. ಕಂಠ ಬೆಳೆಯಿತು, ತಂತಿ ಇದ್ದಲ್ಲಿಯೇ ಉಳಿಯಿತು. ಹಾರ್ಮೋನಿಯಮ್ಮು, ತಬಲಾಗಳು ಸ್ವಭಾವತಃ ಗಟ್ಟಿ ದನಿಯವಾದ್ದರಿಂದ ಒಂದೊಂದು ಮೈಕು ಪಡೆದು ನೆಲೆಯಾದವು. ಮುಂದೆ ವಿದ್ಯುತ್ ಕೀಬೋರ್ಡು ಬಂತು. ನಮ್ಮವರು ಎಲ್ಲ ಕಂಪನಿಯವಕ್ಕೂ ‘ಕ್ಯಾಶಿಯೋ’ ಎಂದೇ ಹೆಸರಿಟ್ಟರು. ಅದಕ್ಕೆ ಮೈಕೂ ಬೇಡ, ನೇರ ವಾಯರ ಸಿಕ್ಕಿಸಿದರಾಯಿತು. ಏಕತಾರಿಯ ಮುಂದೆಯೂ ಮೈಕು ಇಡಬಹುದಲ್ಲ ಎಂದು ನೀವು ಕೇಳಬಹುದು. ಇಟ್ಟು ನೋಡಿದವರಿಗೆ ಗೊತ್ತು: ತಂತಿಯ ದನಿ ಕೇಳುವಷ್ಟು ಅದನ್ನು ಏರಿಸುವ ಹೊತ್ತಿಗೆ ಪಕ್ಕದ ತಬಲಾ, ಹಿಂದಿನ ತಾಳ, ಎದುರಿನ ಸ್ಪೀಕರ್ ಎಲ್ಲವೂ ಅದೇ ಮೈಕಿಗೆ ನುಗ್ಗಿ, ಕಿವಿ ಇರಿಯುವ ಸಿಳ್ಳೆ ಏಳುತ್ತದೆ. ಹೀಗಾಗಿ ಇಂದು ಬಹುತೇಕ ಭಜನೆಯ ವೇದಿಕೆಗಳಲ್ಲಿ ಏಕತಾರಿ ಇದ್ದರೂ ನೋಡಲಿಕ್ಕಷ್ಟೇ ಇರುತ್ತದೆ. ಕೈ ಮೀಟುತ್ತಿರುವುದು ಕಾಣುತ್ತದೆ, ನಾದ ಬರುವುದು ಕೀಬೋರ್ಡಿನಿಂದ.

ಸಣ್ಣ ದನಿಯ ವಾದ್ಯಕ್ಕೆ ಯಂತ್ರದೊಡನೆ ಬಂದ ಈ ತೊಡಕು ಹೊಸದಲ್ಲ. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ. ಆಗ ಮೈಕು ಎಂಬುದಿರಲಿಲ್ಲ. ಹಾಡುವವರು ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು, ಆ ದನಿಯ ಬಲದಿಂದಲೇ ಮುಳ್ಳು ಅಲುಗಿ ಮೇಣದಲ್ಲಿ ಗೀರು ಮೂಡಬೇಕು. ತಂತಿವಾದ್ಯಗಳ ದನಿ ಆ ಕಹಳೆಗೆ ಸಾಲುತ್ತಿರಲಿಲ್ಲ. ಈ ತೊಂದರೆಗಾಗಿಯೇ ಇಂಗ್ಲೆಂಡಿನಲ್ಲಿ ಸ್ಟ್ರೋ ಎಂಬಾತ ಪಿಟೀಲಿನ ಮರದ ಒಡಲನ್ನು ತೆಗೆದು ಅದಕ್ಕೆ ಲೋಹದ ಕಹಳೆಯನ್ನೇ ಜೋಡಿಸಿ 1899ರಲ್ಲಿ ಹಕ್ಕುಪತ್ರ ಕೇಳಿದನು. ಯಂತ್ರಕ್ಕೆ ಕಿವಿ ಸೂಕ್ಷ್ಮವಿಲ್ಲ, ಆದುದರಿಂದ ವಾದ್ಯವೇ ರೂಪ ಬದಲಿಸಿಕೊಳ್ಳಬೇಕಾಯಿತು ಎಂಬುದು ಇದರ ತಾತ್ಪರ್ಯ. 1925ರಲ್ಲಿ ಮೈಕು ಬಳಸಿ ವಿದ್ಯುತ್ತಿನಿಂದ ಮುದ್ರಿಸುವ ಪದ್ಧತಿ ಬಂದ ಮೇಲೆ ಮೆಲುದನಿಗೂ ತಟ್ಟೆಯಲ್ಲಿ ಸ್ಥಳ ದೊರೆಯಿತು.

ಈ ಇತಿಹಾಸದಲ್ಲಿ ನಮ್ಮ ಬೀಳಗಿಯ ಪಾಲೂ ಇದೆ. ಹಿಂದಿ ಚಿತ್ರರಂಗದಲ್ಲಿ ಹೆಸರಾದ ಅಮೀರಬಾಯಿ ಕರ್ನಾಟಕಿಯವರು ಬೀಳಗಿಯವರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅವರ ಕಂಠ ದೇಶದ ಮೂಲೆಮೂಲೆಗೆ ಹೋಯಿತು. ಅವರ ಅಕ್ಕ ಗೋಹರಬಾಯಿಯವರು ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹಾಡಿ ಪ್ರಸಿದ್ಧರಾದರು. ಅಂದು ವಿಜಾಪುರ ಜಿಲ್ಲೆಯಲ್ಲಿದ್ದ, 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿರುವ ಒಂದು ಸಣ್ಣ ಊರಿನ ಅಕ್ಕತಂಗಿಯರ ದನಿ ಮುಂಬಯಿಗೂ ಅದರಾಚೆಗೂ ಕೇಳಿಸಿದ್ದು ಅವರ ಪ್ರತಿಭೆಯಿಂದ, ನಿಜ. ಆದರೆ ಆ ಪ್ರತಿಭೆಯನ್ನು ಹೊತ್ತು ತರಲು ತಟ್ಟೆಯೂ ಬೇಕಾಗಿತ್ತು, ತಟ್ಟೆಯ ಗೀರನ್ನು ಓದುವ ಮುಳ್ಳೂ ಬೇಕಾಗಿತ್ತು. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿನಲ್ಲಿ ಮುಳ್ಳಿನ ಅಲುಗಾಟವೇ ನೇರವಾಗಿ ದನಿಯಾಗುತ್ತಿತ್ತು. ಮುಂದೆ ಬಂದ ವಿದ್ಯುತ್ ಪ್ಲೇಯರುಗಳಲ್ಲಿ ಮುಳ್ಳಿನ ಹಿಂದೆ ಒಂದು ಹರಳು ಕುಳಿತಿತು. ಏಕತಾರಿಗೆ ಇಂದು ನಾವು ಅಂಟಿಸಬಹುದಾದ ಹತ್ತಿಪ್ಪತ್ತು ರೂಪಾಯಿಯ ಬಿಲ್ಲೆ ಆ ಹರಳಿನ ವಂಶದ್ದೇ.

ಹರಳಿನ ಕಥೆ ಆರಂಭವಾಗುವುದು 1880ರ ಪ್ಯಾರಿಸ್ಸಿನಲ್ಲಿ. ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಸೋದರರು, ಇಬ್ಬರೂ ಇನ್ನೂ ಇಪ್ಪತ್ತರ ಹರೆಯದವರು, ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೈಮೇಲೆ ವಿದ್ಯುದಾವೇಶ ಮೂಡುವುದನ್ನು ಕಂಡರು. ಗ್ರೀಕ್ ಭಾಷೆಯಲ್ಲಿ ಒತ್ತುವುದಕ್ಕಿರುವ ಮಾತಿನಿಂದ ಇದಕ್ಕೆ ಪೀಜೋವಿದ್ಯುತ್ ಎಂಬ ಹೆಸರು ಬಂತು. ಮರುವರ್ಷವೇ ಇದರ ತಿರುವುಮುರುವು ಕೂಡ ನಿಜವೆಂದು, ಅಂದರೆ ವಿದ್ಯುತ್ತು ಕೊಟ್ಟರೆ ಹರಳು ಅಲುಗುತ್ತದೆಂದು ಅವರೇ ತೋರಿಸಿದರು. ಈ ಪಿಯರ್ ಕ್ಯೂರಿಯೇ ಮುಂದೆ ಮೇರಿ ಕ್ಯೂರಿಯ ಪತಿಯಾಗಿ ರೇಡಿಯಂ ಸಂಶೋಧನೆಯಲ್ಲಿ ಪಾಲುಗೊಂಡವರು. ಅವರು ಪರೀಕ್ಷಿಸಿದ ಹರಳುಗಳ ಪಟ್ಟಿಯಲ್ಲಿ ಬೆಣಚುಕಲ್ಲಿನ ಹರಳಿತ್ತು, ಟೂರ್ಮಲಿನ್ ಇತ್ತು, ನಮ್ಮವರಿಗೆ ಸಂತೋಷವಾಗುವ ಇನ್ನೊಂದು ವಸ್ತುವೂ ಇತ್ತು: ಕಬ್ಬಿನ ಸಕ್ಕರೆ! ಮುಧೋಳ, ಜಮಖಂಡಿಗಳ ಕಾರ್ಖಾನೆಗಳಿಂದ ಚೀಲ ಚೀಲವಾಗಿ ಹೊರಬರುವ ಸಕ್ಕರೆಯ ಒಂದೊಂದು ಹರಳಿಗೂ ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಗುಣವಿದೆ. ಚಹಾಕ್ಕೆ ಸಕ್ಕರೆ ಹಾಕುವಾಗ ಇದನ್ನು ನೆನೆಯಿರಿ. ಒಲೆ ಹೊತ್ತಿಸುವ ಗ್ಯಾಸ್ ಲೈಟರನ್ನು ‘ಟಕ್’ ಎನಿಸಿದಾಗ ಕಿಡಿ ಹಾರುವುದೂ ಇದೇ ತತ್ವದಿಂದ.

ಪಟ್ಟಿಯಲ್ಲಿದ್ದ ಮತ್ತೊಂದು ವಸ್ತು ರೋಶೆಲ್ ಲವಣ. ಫ್ರಾನ್ಸಿನ ಲಾ ರೋಶೆಲ್ ಊರಿನ ಔಷಧ ವ್ಯಾಪಾರಿಯೊಬ್ಬ ಹದಿನೇಳನೆಯ ಶತಮಾನದಲ್ಲಿ ಇದನ್ನು ಭೇದಿಯ ಔಷಧವಾಗಿ ತಯಾರಿಸಿದ್ದನು. ಬೆಣಚುಕಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು ವಿದ್ಯುತ್ತು ಕೊಡುವ ಈ ಲವಣದ ಹರಳು 1930ರ ದಶಕದಲ್ಲಿ ಗ್ರಾಮಫೋನಿನ ಮುಳ್ಳಿನ ಹಿಂದೆ ಮತ್ತು ಅಗ್ಗದ ಮೈಕುಗಳ ಒಳಗೆ ಬಂದು ಸೇರಿತು. ಆದರೆ ಅದು ಬಲು ನಾಜೂಕು. ಹವೆಯಲ್ಲಿ ತೇವ ಹೆಚ್ಚಿದರೆ ಕರಗುತ್ತದೆ, ಕಡಿಮೆಯಾದರೆ ಒಣಗಿ ಪುಡಿಯಾಗುತ್ತದೆ, ಸುಮಾರು 55 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಟ್ಟೇ ಹೋಗುತ್ತದೆ. ನೆರಳಿನಲ್ಲಿಯೇ 40 ಡಿಗ್ರಿ ದಾಟುವ ನಮ್ಮ ಚೈತ್ರ ವೈಶಾಖಗಳಲ್ಲಿ, ಬಿಸಿಲಿಗೆ ಬಿಟ್ಟ ತಗಡಿನ ಪೆಟ್ಟಿಗೆಯೊಳಗೆ, ಅದರ ಗತಿ ಏನಾಗಿರಬೇಕೆಂದು ಊಹಿಸಬಹುದು. 1940ರ ದಶಕದಲ್ಲಿ ಬೇರಿಯಂ ಟೈಟನೇಟ್, 1950ರ ದಶಕದಲ್ಲಿ ಸೀಸ, ಜಿರ್ಕೋನಿಯಂ, ಟೈಟೇನಿಯಂಗಳ ಆಕ್ಸೈಡುಗಳಿಂದ ಸುಟ್ಟು ಮಾಡಿದ ಪಿಂಗಾಣಿ ಬಂದವು. ಇವು ತೇವಕ್ಕೂ ಶಾಖಕ್ಕೂ ಜಗ್ಗುವಂಥವಲ್ಲ. ಇಂದು ಗಡಿಯಾರದ ಅಲಾರಮ್ಮಿನಲ್ಲಿ, ಆಟಿಕೆಗಳಲ್ಲಿ ಕಾಣುವ ಹಿತ್ತಾಳೆಯ ತೆಳುಬಿಲ್ಲೆಯ ಮೇಲೆ ಬೆಳ್ಳಗೆ ಅಂಟಿಕೊಂಡಿರುವುದು ಈ ಪಿಂಗಾಣಿಯೇ. 1960ರ ದಶಕದಲ್ಲಿ ಅಮೆರಿಕದ ಬಾರ್ಕಸ್ ಮತ್ತು ಬೆರಿ ಎಂಬಿಬ್ಬರು ಇಂತಹುದನ್ನು ಪಿಟೀಲಿಗೆ ಅಳವಡಿಸಿ ಮಾರಾಟಕ್ಕೆ ತಂದರು. ಗಾಳಿಯಲ್ಲಿ ಹರಡಿದ ದನಿಯನ್ನು ಹಿಡಿಯುವ ಬದಲು ಮರದ ನಡುಕವನ್ನೇ ಹಿಡಿಯುವ ಈ ಉಪಾಯದಲ್ಲಿ ಪಕ್ಕದ ತಬಲಾದ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಇಲ್ಲಿ ಇತಿಹಾಸದ ಒಂದು ವಿಚಿತ್ರ ತಿರುವು ಇದೆ. ಹರಳು ಪಿಂಗಾಣಿಗಳ ಗುಣವೇನೆಂದರೆ ಅವು ಸಾಕಷ್ಟು ವೋಲ್ಟೇಜನ್ನು ಹುಟ್ಟಿಸುತ್ತವೆ, ಆದರೆ ಅದರ ಹಿಂದೆ ಇರುವ ಆವೇಶ ತೀರ ಅಲ್ಪ. ಯಾರಾದರೂ ಅದನ್ನು ಸ್ವಲ್ಪ ಜಗ್ಗಿದರೂ ಬರಿದಾಗುತ್ತದೆ. ವಾಲ್ವ್ ರೇಡಿಯೋಗಳ ಕಾಲದಲ್ಲಿ ಇದು ತೊಡಕಾಗಲಿಲ್ಲ. ವಾಲ್ವಿನ ಜಾಲರಿಯು ಎದುರಿಗೆ ಬಂದ ವೋಲ್ಟೇಜನ್ನು ನೋಡುತ್ತದೆಯೇ ಹೊರತು ಅದರಿಂದ ಪ್ರವಾಹವನ್ನು ಎಳೆಯುವುದಿಲ್ಲವೆಂದೇ ಹೇಳಬಹುದು. ಜಾಲರಿಯಿಂದ ಭೂಮಿಗೆ ಜೋಡಿಸುತ್ತಿದ್ದ ರೋಧಕದ ಬೆಲೆ ಸಾಮಾನ್ಯವಾಗಿ 5 ಲಕ್ಷದಿಂದ 10 ಲಕ್ಷ ಓಮ್. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗ ಅದನ್ನು ಆಲಿಸಿದ ರೇಡಿಯೋಗಳೆಲ್ಲ ವಾಲ್ವಿನವೇ. ಅಂಥ ಹಲವು ರೇಡಿಯೋಗಳ ಬೆನ್ನಿಗೆ ಗ್ರಾಮಫೋನಿನ ಹರಳನ್ನು ಜೋಡಿಸಲು ಎರಡು ತೂತುಗಳಿರುತ್ತಿದ್ದವು. ಹರಳು ಮೆಲ್ಲಗೆ ನುಡಿಯಿತು, ವಾಲ್ವು ಅದನ್ನು ಪೂರ್ತಿಯಾಗಿ ಕೇಳಿಸಿಕೊಂಡಿತು.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದು ಜಗತ್ತಿಗೆ ಎಂತಹ ಉಪಕಾರ ಮಾಡಿತೆಂಬುದನ್ನು ಹೊಲದ ಬದುವಿನಲ್ಲಿ ರೇಡಿಯೋ ಕೇಳಿದ ನಮ್ಮ ತಲೆಮಾರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಮೊದಲ ಜಾತಿಯ ಟ್ರಾನ್ಸಿಸ್ಟರು ಪ್ರವಾಹ ತಿಂದು ಬದುಕುವ ಪ್ರಾಣಿ. ಸಾಮಾನ್ಯ ಜೋಡಣೆಯಲ್ಲಿ ಅದರ ಪ್ರವೇಶದ ರೋಧ ಕೆಲವು ಸಾವಿರ ಓಮ್ ಮಾತ್ರ. ಪಿಂಗಾಣಿಯ ಬಿಲ್ಲೆಗಳು ಅಗ್ಗವಾಗಿ, ಗಟ್ಟಿಮುಟ್ಟಾಗಿ ಎಲ್ಲರ ಕೈಗೆ ಎಟುಕುವ ಹೊತ್ತಿಗೆ ಅವುಗಳ ಮಾತನ್ನು ಕೇಳಬಲ್ಲ ವಾಲ್ವಿನ ಕಿವಿ ಪೆಟ್ಟಿಗೆಯಿಂದ ಹೊರಗೆ ಹೋಗಿತ್ತು. ವಾದ್ಯಕ್ಕೆ ಬಿಲ್ಲೆ ಅಂಟಿಸಿ ನೇರವಾಗಿ ಆಂಪ್ಲಿಫಾಯರಿಗೆ ಸಿಕ್ಕಿಸಿದವರೆಲ್ಲ ‘ಇದು ತಗಡು ಬಡಿದಂತೆ ಕೇಳುತ್ತದೆ’ ಎಂದು ಕಿತ್ತೆಸೆದದ್ದು ಇದರಿಂದ. ದೋಷ ಬಿಲ್ಲೆಯದೂ ಅಲ್ಲ, ವಾದ್ಯದ್ದೂ ಅಲ್ಲ.

ಲೆಕ್ಕ ಹಾಕಿ ನೋಡೋಣ. ಇದು ಒಂಬತ್ತನೆಯ ತರಗತಿಯ ಗುಣಾಕಾರ ಭಾಗಾಕಾರವಷ್ಟೇ. 27 ಮಿಲಿಮೀಟರ್ ಅಗಲದ ಬಿಲ್ಲೆಯ ಧಾರಕತೆ ಸುಮಾರು 20 ನ್ಯಾನೋಫ್ಯಾರಡ್ ಇರುತ್ತದೆ. ಅದನ್ನು ಒಂದು ರೋಧಕ್ಕೆ ಜೋಡಿಸಿದಾಗ ಒಂದು ಗಡಿ ಏರ್ಪಡುತ್ತದೆ. ಆ ಗಡಿಗಿಂತ ಕೆಳಗಿನ ಸ್ವರಗಳು ಕ್ಷೀಣಿಸುತ್ತಾ ಹೋಗುತ್ತವೆ. ರೋಧ, ಧಾರಕತೆ ಮತ್ತು 6.28 ಈ ಮೂರನ್ನೂ ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿದರೆ ಆ ಗಡಿಯ ಆವೃತ್ತಿ ಸಿಗುತ್ತದೆ. ಆಂಪ್ಲಿಫಾಯರಿನ ಪ್ರವೇಶದ ರೋಧ 10 ಸಾವಿರ ಓಮ್ ಎಂದು ಹಿಡಿದರೆ ಗಡಿ ಸುಮಾರು 800 ಹರ್ಟ್ಜ್. ನಮ್ಮ ಗಂಡಸರು ‘ಕಾಳಿ ಒಂದ’ ಎಂದು ಶ್ರುತಿ ಹಿಡಿಯುವ ಮಂದ್ರ ಷಡ್ಜದ ಆವೃತ್ತಿ ಸುಮಾರು 139 ಹರ್ಟ್ಜ್. ಅದರಲ್ಲಿ ಆರರಲ್ಲೊಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಮೈಕಿಗೆಂದು ಇರುವ ತೂತಿಗೆ ಸಿಕ್ಕಿಸಿ, ಅದರ ರೋಧ 2 ಸಾವಿರ ಓಮ್ ಆಗಿದ್ದರೆ, ಮೂವತ್ತರಲ್ಲೊಂದು ಪಾಲೂ ಕಷ್ಟ. ಆದರೆ ಅದೇ ರೋಧವನ್ನು 10 ಲಕ್ಷ ಓಮಿಗೆ ಏರಿಸಿದರೆ ಗಡಿ 8 ಹರ್ಟ್ಜ್‌ಗೆ ಇಳಿಯುತ್ತದೆ. ಮನುಷ್ಯನ ಕಿವಿಗೆ ಕೇಳಿಸುವ ಅತ್ಯಂತ ಕೆಳಗಿನ ಸ್ವರವೇ ಸುಮಾರು 20 ಹರ್ಟ್ಜ್ ಆದುದರಿಂದ ಏಕತಾರಿಯ ನಾದ ಒಂದಿಷ್ಟೂ ಸೋರದೆ ದಾಟುತ್ತದೆ.

ಲೆಕ್ಕ ಬೇಸರವೆನಿಸಿದವರು ತಳ ತೂತಾದ ತಂಬಿಗೆಯನ್ನು ನೆನೆಯಬಹುದು. ಮೇಲಿಂದ ಭರ್ರನೆ ನೀರು ಸುರಿದು ತಕ್ಷಣ ನೋಡಿದರೆ ತಂಬಿಗೆ ತುಂಬಿಯೇ ಕಾಣುತ್ತದೆ. ಸಾವಕಾಶವಾಗಿ ಸುರಿದರೆ ಬಿದ್ದ ನೀರು ಬಿದ್ದಂತೆಯೇ ಸೋರಿಹೋಗಿ ತಳವೂ ತೋಯುವುದಿಲ್ಲ. ಏರುದನಿಯೆಂದರೆ ವೇಗದ ಕಂಪನ. ಸೋರುವುದಕ್ಕೆ ಪುರಸತ್ತು ಇರುವುದಿಲ್ಲ. ಮಂದ್ರವೆಂದರೆ ನಿಧಾನದ ಕಂಪನ. ಕೇಳಿಸಿಕೊಳ್ಳುವ ಮೊದಲೇ ಸೋರಿರುತ್ತದೆ. ಹೀಗಾಗಿ ಉಗುರಿನ ಗೀಚು, ತಂತಿಯ ಕಿರುಗು ಉಳಿದು, ಬುರುಡೆಯ ತುಂಬು ನಾದ ಹೋಗುತ್ತದೆ. ತೂತನ್ನು ಸಣ್ಣದು ಮಾಡುವುದೊಂದೇ ಪರಿಹಾರ; ಮೇಲಿಂದ ಹೆಚ್ಚು ನೀರು ಸುರಿಯುವುದಲ್ಲ. ಧ್ವನಿ ಏರಿಸುವ ಗುಂಡಿಯನ್ನು ಎಷ್ಟು ತಿರುವಿದರೂ ಹೋದದ್ದು ಮರಳುವುದಿಲ್ಲವೆಂಬುದಕ್ಕೆ ಕಾರಣ ಇದು.

ವಾಲ್ವಿನ ಕಿವಿಯನ್ನು ಟ್ರಾನ್ಸಿಸ್ಟರಿನ ಗಾತ್ರದಲ್ಲಿ ಮರಳಿ ತಂದದ್ದು ಕ್ಷೇತ್ರ ಪರಿಣಾಮದ ಟ್ರಾನ್ಸಿಸ್ಟರು. ಕುಶಲಿಗರ ಬಾಯಲ್ಲಿ ‘ಫೆಟ್’. ಇದರ ಕಲ್ಪನೆ ಸಾಮಾನ್ಯ ಟ್ರಾನ್ಸಿಸ್ಟರಿಗಿಂತಲೂ ಹಳೆಯದು. ಲಿಲಿಯನ್‌ಫೆಲ್ಡ್ ಎಂಬ ವಿಜ್ಞಾನಿ 1925ರಲ್ಲಿಯೇ ಕೆನಡಾದಲ್ಲಿ ಇಂತಹ ಸಾಧನದ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದನು. ಅದನ್ನು ಮಾಡಿ ತೋರಿಸುವಷ್ಟು ಶುದ್ಧವಾದ ವಸ್ತು ಆಗ ಇರಲಿಲ್ಲ. 1952ರಲ್ಲಿ ಶಾಕ್ಲೆ ಅದರ ಸಂಧಿ ರೂಪದ ಸಿದ್ಧಾಂತವನ್ನು ಬರೆದ ಮೇಲೆ ಅದು ಕೈಗೂಡಿತು. ಇದರ ದ್ವಾರವೆಂಬ ಕಾಲು ವಾಲ್ವಿನ ಜಾಲರಿಯಂತೆ ವೋಲ್ಟೇಜನ್ನು ನೋಡುತ್ತದೆಯೇ ಹೊರತು ಪ್ರವಾಹವನ್ನು ಬೇಡುವುದಿಲ್ಲ. ಈ ಒಂದು ಫೆಟ್ಟನ್ನು ಬಿಲ್ಲೆಗೂ ಆಂಪ್ಲಿಫಾಯರಿಗೂ ನಡುವೆ ನಿಲ್ಲಿಸಿದರೆ ಅದೇ ‘ಬಫರ್’. ಅದು ಧ್ವನಿಯನ್ನು ಹೆಚ್ಚಿಸುವುದಿಲ್ಲ; ಒಂದು ಕೊಟ್ಟರೆ ಒಂದಕ್ಕಿಂತ ತುಸು ಕಡಿಮೆಯನ್ನೇ ಮರಳಿಸುತ್ತದೆ. ಆದರೆ ಈ ಕಡೆ ಬಿಲ್ಲೆಯಿಂದ ಏನನ್ನೂ ಕಸಿಯದೆ, ಆ ಕಡೆ ಆಂಪ್ಲಿಫಾಯರ್ ಕೇಳಿದಷ್ಟು ಪ್ರವಾಹವನ್ನು ತನ್ನ ಬ್ಯಾಟರಿಯಿಂದ ಕೊಡುತ್ತದೆ.

ಇದನ್ನು ಕಟ್ಟುವುದು ಕಷ್ಟವಲ್ಲ. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಿಎಫ್‌ಡಬ್ಲ್ಯು 10 ಎಂಬ ಫೆಟ್ ಸಾಕು. ಅದಕ್ಕೆ ನಾಲ್ಕು ಕಾಲುಗಳು: ಮೂಲ, ಹರಿವು, ದ್ವಾರ, ನಾಲ್ಕನೆಯದು ಲೋಹದ ಟೊಪ್ಪಿಗೆಗೆ ಸೇರಿದ್ದು. ಹರಿವನ್ನು 9 ವೋಲ್ಟ್ ಬ್ಯಾಟರಿಯ ಧನ ತುದಿಗೆ ಜೋಡಿಸಬೇಕು. ಮೂಲದಿಂದ ಋಣ ತುದಿಗೆ 4.7 ಕಿಲೋಓಮ್ ರೋಧಕ. ದ್ವಾರದಿಂದ ಋಣ ತುದಿಗೆ 4.7 ಮೆಗಾಓಮ್ ರೋಧಕ. ಮೇಲಿನ ಲೆಕ್ಕದಲ್ಲಿ ಹೇಳಿದ ತೂತಿನ ಅಳತೆಯನ್ನು ನಿರ್ಧರಿಸುವುದು ಇದೇ. ಬಿಲ್ಲೆಯ ಬಿಳಿ ಭಾಗದ ತಂತಿಯನ್ನು 10 ಕಿಲೋಓಮ್ ಮೂಲಕ ದ್ವಾರಕ್ಕೆ, ಹಿತ್ತಾಳೆಯ ತಂತಿಯನ್ನು ಋಣ ತುದಿಗೆ ಸೇರಿಸಬೇಕು. ವಾದ್ಯ ಕೈತಪ್ಪಿ ಬಿದ್ದಾಗ ಬಿಲ್ಲೆಯಿಂದ ಏಳುವ ಹೊಡೆತವನ್ನು ಈ 10 ಕಿಲೋಓಮ್ ಸ್ವಲ್ಪ ತಡೆಯುತ್ತದೆ. ನಾಲ್ಕನೆಯ ಕಾಲೂ ಋಣಕ್ಕೇ. ಮೂಲದಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ, ಅದರ ಧನ ಕಾಲು ಮೂಲದ ಕಡೆಗಿರುವಂತೆ, ಹೊರಗಿನ ಜ್ಯಾಕಿಗೆ ತಂತಿ ಒಯ್ಯಬೇಕು. ಜ್ಯಾಕಿನ ಎರಡು ತುದಿಗಳ ನಡುವೆ 100 ಕಿಲೋಓಮ್ ಇಟ್ಟರೆ ಸಿಕ್ಕಿಸುವಾಗ ‘ಢಬ್’ ಎನ್ನುವುದಿಲ್ಲ. ಬ್ಯಾಟರಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡಿನದೊಂದು. ಕಟ್ಟಿ ಮುಗಿಸಿದ ಮೇಲೆ ಮೂಲದ ವೋಲ್ಟೇಜನ್ನು ಮೀಟರಿನಿಂದ ಅಳೆಯಿರಿ. 2ರಿಂದ 5 ವೋಲ್ಟಿನ ಒಳಗೆ ಇದ್ದರೆ ಎಲ್ಲ ಸರಿಯಾಗಿದೆ. ಇಡೀ ಮಂಡಲ ಎಳೆಯುವ ಪ್ರವಾಹ 1 ಮಿಲಿಆಂಪಿಯರಿನ ಆಸುಪಾಸು. ಆದುದರಿಂದ ಒಂದು ಬ್ಯಾಟರಿ ಹತ್ತಾರು ಭಜನೆಗಳಿಗೆ ಬರುತ್ತದೆ.

ಕೇಳುವ ಕಿವಿ ಸೂಕ್ಷ್ಮವಾದಷ್ಟೂ ಬೇಡದ ಸದ್ದನ್ನೂ ಅದು ಕೇಳಿಸಿಕೊಳ್ಳುತ್ತದೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಇದರ ಪರೀಕ್ಷೆ ಚೆನ್ನಾಗಿ ಆಗುತ್ತದೆ. ಪಕ್ಕದ ಮನೆಯಲ್ಲಿ ಪವರ್‌ಲೂಮಿನ ಮೋಟರುಗಳು ತಿರುಗುತ್ತಿದ್ದರೆ ಬರಿಯ ತಂತಿಯಲ್ಲಿ ಜೋಡಿಸಿದ ಬಿಲ್ಲೆ 50 ಹರ್ಟ್ಜಿನ ಗುಂಯ್‌ಗುಡುವಿಕೆಯನ್ನು ಏಕತಾರಿಗಿಂತ ಗಟ್ಟಿಯಾಗಿ ಹೇಳುತ್ತದೆ. ಪರಿಹಾರ ಸರಳ. ಬಿಲ್ಲೆಯಿಂದ ಬಫರಿನವರೆಗೆ ಜಾಲರಿ ಸುತ್ತಿದ ವಾಯರನ್ನೇ ಬಳಸಬೇಕು, ಅದೂ ಒಂದು ಗೇಣಿಗಿಂತ ಹೆಚ್ಚಿರಬಾರದು. ಮಂಡಲವನ್ನು ತಗಡಿನ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಋಣಕ್ಕೆ ಸೇರಿಸಬೇಕು. ಇನ್ನು ಬಿಲ್ಲೆಯನ್ನು ಎಲ್ಲಿ ಅಂಟಿಸಬೇಕೆಂಬುದು ಕಿವಿಯಿಂದಲೇ ಕಂಡುಕೊಳ್ಳಬೇಕಾದ ವಿಷಯ. ಏಕತಾರಿಯಲ್ಲಿ ತಂತಿ ಹಾಯುವ ಕುದುರೆಯ ಸಮೀಪ, ಆದರೆ ಅದರ ಕೆಳಗಲ್ಲ. ತುಂತುಣಿ, ಚೌಡಿಕೆಗಳಲ್ಲಿ ಚರ್ಮದ ಮೇಲೆ ಬೇಡ, ಪಕ್ಕದ ಮರದ ಒಡಲಿಗೆ. ಜೇನುಮೇಣದಿಂದ ಅಂಟಿಸಿದರೆ ಬೇಡವೆನಿಸಿದಾಗ ಗುರುತುಳಿಯದಂತೆ ತೆಗೆಯಬಹುದು. ಅಜ್ಜನ ಕಾಲದ ವಾದ್ಯಕ್ಕೆ ಮೊಳೆ ಹೊಡೆಯುವ, ತೂತು ಕೊರೆಯುವ ಗೊಡವೆಗೆ ಯಾರೂ ಹೋಗಬಾರದು.

ಆಲಮಟ್ಟಿಯ ಹಿನ್ನೀರಿನಿಂದ ಮುಳುಗಡೆಯಾಗಿ ಎತ್ತರಕ್ಕೆ ಬಂದು ನೆಲೆಸಿದ, ಬೀಳಗಿ ತಾಲೂಕಿನ ಒಂದು ಊರಿನ ಶ್ರಾವಣದ ಭಜನೆಯಲ್ಲಿ ಇದನ್ನು ಪ್ರಯೋಗಿಸಿ ನೋಡುವ ಅವಕಾಶ ನನಗೆ ದೊರೆಯಿತು. ಅಲ್ಲಿಯ ಹಿರಿಯ ಹಾಡುಗಾರರೊಬ್ಬರ ಏಕತಾರಿ ಹಳೆಯ ಊರಿನಿಂದ ಬಂದದ್ದು. ಮನೆಯ ತೊಲೆ ಬಾಗಿಲುಗಳ ಜೊತೆ ಬಂಡಿಯಲ್ಲಿ ಹೇರಿ ತಂದರಂತೆ. ಮೊದಲು ಬಿಲ್ಲೆಯನ್ನು ನೇರವಾಗಿ ಸಿಕ್ಕಿಸಿದೆವು, ಆಮೇಲೆ ಬಫರಿನ ಮೂಲಕ. ಕೂತವರಿಗೆ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಲಿಲ್ಲ. ತಬಲಾದವರು ತಮ್ಮಷ್ಟಕ್ಕೆ ತಾವೇ ಕೈ ಹಗುರ ಮಾಡಿದರು. ಪದ ಮುಗಿದ ಮೇಲೆ ಆ ಹಿರಿಯರು, “ಇಷ್ಟ ವರ್ಸ ಬರೇ ಕೈಯಾಗ ಹಿಡಕೊಂಡ ಕುಂತಿದ್ದೆರಿ ಮಾಸ್ತರ, ಇವತ್ತ ಕಿವ್ಯಾಗ ಬಂತ” ಎಂದರು. ಅಂದು ಅವರು ತಮ್ಮ ರೂಢಿಗಿಂತ ಅರ್ಧ ಮನೆ ಇಳಿಸಿ ಹಾಡಿದರೆಂಬುದನ್ನೂ ಗಮನಿಸಿದೆ. ಶ್ರುತಿ ತಮಗೇ ಕೇಳಿಸುತ್ತಿದ್ದುದರಿಂದ ಕೂಗಿ ಹಾಡುವ ಅಗತ್ಯ ಅವರಿಗೆ ಬೀಳಲಿಲ್ಲ.

ಇಷ್ಟೆಲ್ಲ ಏಕೆ, ಶ್ರುತಿಗೆ ಬೇಕಾದರೆ ಎಲೆಕ್ಟ್ರಾನಿಕ್ ತಂಬೂರಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ರಾಡೆಲ್ ಸಂಸ್ಥೆ ತಯಾರಿಸಿದ ಇಂತಹ ಪೆಟ್ಟಿಗೆಗಳು ಸಂಗೀತ ಕಲಿಯುವವರಿಗೆ ಮಾಡಿದ ಉಪಕಾರ ದೊಡ್ಡದು. ಇಂದು ಮೊಬೈಲ್ ಫೋನಿನಲ್ಲಿಯೇ ತಂಬೂರಿ ಸಿಗುತ್ತದೆ. ಆದರೆ ಏಕತಾರಿಯ ಕೆಲಸ ಶ್ರುತಿ ಹಿಡಿಯುವುದಷ್ಟೇ ಅಲ್ಲ. ಅದರ ಮೀಟಿನಲ್ಲಿ ಲಯವಿದೆ. ಹಾಡುವವನು ತತ್ವಪದದ ಒಂದು ಮಾತನ್ನು ಒತ್ತಿ ಹೇಳಬೇಕೆಂದಾಗ ಬೆರಳು ಒಂದು ಕ್ಷಣ ತಡೆಯುತ್ತದೆ, ಕೇಳುವವರು ಆ ಮೌನದಲ್ಲಿ ಮಾತನ್ನು ಹಿಡಿಯುತ್ತಾರೆ. ಪೆಟ್ಟಿಗೆ ತಡೆಯುವುದಿಲ್ಲ. ಚೌಡಿಕೆಯಲ್ಲಿಯಂತೂ ತಂತಿಯನ್ನು ಬಿಗಿದು ಸಡಿಲಿಸುತ್ತ ಸ್ವರವನ್ನೇ ಬಾಗಿಸುತ್ತಾರೆ. ಪ್ರಶ್ನೆ ಕೇಳಿದಂತೆ, ಉತ್ತರ ಕೊಟ್ಟಂತೆ ಅದು ಜೋಗತಿಯ ಪದಕ್ಕೆ ಪ್ರತಿಯಾಗಿ ನುಡಿಯುತ್ತದೆ. ಈ ನುಡಿಯನ್ನು ಕೀಬೋರ್ಡಿನ ಮನೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ವಾದ್ಯ ವೇದಿಕೆಯಲ್ಲಿ ಕೇಳಿಸದಿದ್ದರೆ ಅದನ್ನು ಕಲಿಯುವ ಹುಡುಗನೂ ಹುಡುಗಿಯೂ ಬರುವುದಿಲ್ಲ. ಕಲಿಯುವವರಿಲ್ಲದ ಮೇಲೆ ಬುರುಡೆಗೆ ಕುದುರೆ ಕೂರಿಸಬಲ್ಲ ಕೈಯೂ ಉಳಿಯುವುದಿಲ್ಲ. ನನ್ನ ಚಿಂತೆ ಇರುವುದು ಇಲ್ಲಿ.

ವಾದ್ಯಕ್ಕೆ ತಂತಿ ಜೋಡಿಸಿದರೆ ಅದರ ಸಹಜತೆ ಕೆಡುತ್ತದೆ ಎಂಬ ಇನ್ನೊಂದು ಆಕ್ಷೇಪವೂ ಉಂಟು. ನಾಲ್ಕು ಜನ ಕುಳಿತು ಹಾಡುವಲ್ಲಿ ಇದರ ಅಗತ್ಯವಿಲ್ಲವೆಂದು ನಾನೂ ಒಪ್ಪುತ್ತೇನೆ. ಅಲ್ಲಿ ಮೈಕೂ ಬೇಡ, ಬಫರೂ ಬೇಡ. ಆದರೆ ಕಂಠಕ್ಕೆ ಮೈಕು ಕೊಟ್ಟು, ಹಾರ್ಮೋನಿಯಮ್ಮಿಗೆ ಮೈಕು ಕೊಟ್ಟು, ಏಕತಾರಿಗೆ ಮಾತ್ರ ಸಹಜತೆಯ ಪಾಠ ಹೇಳುವುದು ನ್ಯಾಯವಲ್ಲ. ಬಾರದ ದನಿಯನ್ನು ಈ ಮಂಡಲ ಸೃಷ್ಟಿಸುವುದಿಲ್ಲ. ಇದ್ದ ದನಿ ದಾರಿಯಲ್ಲಿ ಸೋರದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ತರಗತಿಯಲ್ಲಿ ಮೆಲ್ಲಗೆ ಮಾತಾಡುವ ಮಕ್ಕಳನ್ನು ‘ಗಟ್ಟಿಯಾಗಿ ಹೇಳು’ ಎಂದು ಗದರಿಸುವ ಬದಲು ಮಾಸ್ತರನೇ ಎರಡು ಹೆಜ್ಜೆ ಹತ್ತಿರ ಹೋಗಿ ನಿಲ್ಲುವುದುಂಟು. ಬಫರು ಮಾಡುವುದು ಇದೇ ಕೆಲಸ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಎಂಜಿನಿಯರುಗಳು, ಕೆಲವರು ಜಾತ್ರೆ ಮದುವೆಗಳಿಗೆ ಸೌಂಡ್ ಸಿಸ್ಟಿಮ್ ಒಯ್ಯುವವರು, ಕೆಲವರು ಪಾಲಿಟೆಕ್ನಿಕ್ಕಿನಲ್ಲಿ ಕಲಿಸುವವರು. ಬಂಧುಗಳಲ್ಲಿ ಕೆಲವರ ಮನೆಯ ಗೂಟಕ್ಕೆ ಒಂದು ಏಕತಾರಿ ಇನ್ನೂ ತೂಗುಬಿದ್ದಿದೆ ಎಂಬುದೂ ನನಗೆ ಗೊತ್ತು. ಮುಂದಿನ ರಜೆಗೆ ಊರಿಗೆ ಬಂದಾಗ ಅದನ್ನು ಇಳಿಸಿ ಧೂಳು ಒರೆಸಿ, ತಂತಿ ಬಿಗಿದು ನೋಡಿ. ನುಡಿದರೆ, ಸಂಜೆಯೊಂದನ್ನು ಇದಕ್ಕಾಗಿ ಮೀಸಲಿಟ್ಟು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಡಬ್ಬಿಯನ್ನು ಕಟ್ಟಿ, ನಿಮ್ಮೂರಿನ ಭಜನಾ ಮೇಳದವರ ಕೈಗೆ ಕೊಟ್ಟು ಬನ್ನಿ. ಬೆಸುಗೆ ಹಾಕುವಾಗ ತೊಡಕು ಬಂದರೆ ನನ್ನನ್ನು ಕೇಳಬಹುದು. ಕಣ್ಣು ಮೊದಲಿನಷ್ಟು ಚುರುಕಿಲ್ಲ, ಕಿವಿ ಮಾತ್ರ ಇನ್ನೂ ಚೆನ್ನಾಗಿದೆ.